ಚೀಲದ ಮೇಲಿನ ಮೂರು ಅಂಕಿಗಳು

ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಹೂವಿನ ಲೆಕ್ಕ ತಪ್ಪುವುದಿಲ್ಲ. 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಶಂಕರಪುರದಿಂದ ಅಲೆವೂರಿನವರೆಗೆ, ಅಲ್ಲಿಂದಾಚೆಗೂ, ಮಲ್ಲಿಗೆ ಇರುವ ಅಂಗಳಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಈ ಮಗ್ಗಿ ಬಾಯಿಪಾಠ. ಆದರೆ ಅದೇ ಗಿಡದ ಬುಡಕ್ಕೆ ಗೊಬ್ಬರ ಹಾಕುವ ದಿನ ಮಾತ್ರ ಲೆಕ್ಕ ಮರೆಯಾಗಿ ಮುಷ್ಟಿ ಮುಂದೆ ಬರುತ್ತದೆ. ದೊಡ್ಡ ಗಿಡಕ್ಕೆ ಒಂದು ಮುಷ್ಟಿ, ಸಣ್ಣದಕ್ಕೆ ಅರ್ಧ ಮುಷ್ಟಿ. ಬೆಂಡೆ, ಅಲಸಂಡೆ, ಬಸಳೆ, ಗುಳ್ಳ ಎಲ್ಲಕ್ಕೂ ಇದೇ ಅಳತೆ. ಎರಡು ದಿನದಲ್ಲಿ ಎಲೆಯಂಚು ಸುಟ್ಟು ಗಿಡ ಬಾಡಿದರೆ 'ಗೊಬ್ಬರ ಉಷ್ಣವಾಯಿತು' ಎಂಬ ಮಾತಿನೊಂದಿಗೆ ವಿಚಾರಣೆ ಮುಗಿಯುತ್ತದೆ.

ಗೊಬ್ಬರದಲ್ಲಿ ಉಷ್ಣವೇನೂ ಇಲ್ಲ. ಒಂದು ಲೋಟ ನೀರಿಗೆ ಎರಡು ಚಮಚ ಯೂರಿಯಾ ಹಾಕಿ ಕದಡಿದರೆ ಲೋಟ ಬಿಸಿಯಾಗುವ ಬದಲು ಕೈಗೆ ತಣ್ಣಗೆ ತಾಗುತ್ತದೆ. ಗಿಡವನ್ನು ಸುಡುವುದು ಶಾಖವಲ್ಲ, ಉಪ್ಪು. ಬೇರಿನ ಸುತ್ತಲಿನ ನೀರಿನಲ್ಲಿ ಲವಣ ಹೆಚ್ಚಾದಾಗ ಬೇರು ನೀರು ಹೀರುವ ಬದಲು ತನ್ನಲ್ಲಿರುವ ನೀರನ್ನೇ ಬಿಟ್ಟುಕೊಡುತ್ತದೆ. ಉಪ್ಪಿನಕಾಯಿ ಭರಣಿಯಲ್ಲಿ ಮಾವಿನ ಮಿಡಿ ಸುಕ್ಕುಗಟ್ಟುವುದೂ ಇದೇ ಕಾರಣಕ್ಕೆ. ಹಾಗಾದರೆ ಎಷ್ಟು ಹಾಕಬೇಕು? ಉತ್ತರದ ಅರ್ಧ ಭಾಗ ಚೀಲದ ಮೇಲೆಯೇ ಅಚ್ಚಾಗಿರುತ್ತದೆ.

ಮೂರು ಅಂಕಿಗಳ ಅರ್ಥ

17:17:17, 10:26:26, 19:19:19. ಇವು ಯಾವ ಗೊಬ್ಬರದ ಮೇಲಿದ್ದರೂ ಕ್ರಮ ಒಂದೇ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಶ್. ಮೂರೂ ತೂಕದ ಶೇಕಡಾವಾರು ಪ್ರಮಾಣಗಳು. 50 ಕಿಲೋ ತೂಗುವ 17:17:17ರ ಚೀಲದಲ್ಲಿ ಪ್ರತಿಯೊಂದೂ ಎಂಟೂವರೆ ಕಿಲೋ ಇದೆ. ನಾಲ್ಕನೆಯ ಅಂಕಿಯೂ ಇದ್ದರೆ, ಉದಾಹರಣೆಗೆ 20:20:0:13 ಎಂದಿದ್ದರೆ, ಕೊನೆಯದು ಗಂಧಕ. ನಡುವಿನ ಸೊನ್ನೆಯನ್ನು ಕಡೆಗಣಿಸಬಾರದು. ಆ ಚೀಲದಲ್ಲಿ ಪೊಟ್ಯಾಶ್ ಇಲ್ಲವೇ ಇಲ್ಲ ಎಂದು ಅದು ಹೇಳುತ್ತಿದೆ.

ಈ ಮೂರರ ಕೆಲಸ ಬೇರೆ ಬೇರೆ. ಸಾರಜನಕದಿಂದ ಎಲೆ, ಚಿಗುರು, ಹಸಿರು. ರಂಜಕದಿಂದ ಬೇರಿನ ಬೆಳವಣಿಗೆ ಮತ್ತು ಜೀವಕೋಶದೊಳಗಿನ ಶಕ್ತಿಯ ವಹಿವಾಟು. ಪೊಟ್ಯಾಶ್ ಗಿಡದ ನೀರಿನ ಹದ ಕಾಯುತ್ತದೆ, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಯಿ ಗೆಡ್ಡೆಗಳಿಗೆ ಸಾಗಿಸಲು ನೆರವಾಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು. ಹರಿವೆ ಸೊಪ್ಪಿಗೆ ಹಾಕಿದ ಯೂರಿಯಾವನ್ನೇ ಬದನೆಗೂ ಸುರಿಯುತ್ತ ಹೋದರೆ ಗಿಡ ಸೊಂಪಾಗಿ ಬೆಳೆದು ಕಾಯಿ ಮಾತ್ರ ಬೆರಳೆಣಿಕೆಯಷ್ಟಾಗುವುದು ಇದರಿಂದಲೇ.

ಹೆಸರೊಂದು, ತೂಕ ಇನ್ನೊಂದು

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೊದಲ ಅಂಕಿ ಸಾರಜನಕವನ್ನು ಧಾತುವಾಗಿಯೇ ಲೆಕ್ಕ ಹಾಕುತ್ತದೆ. ಆದರೆ ಎರಡನೆಯ ಅಂಕಿ ರಂಜಕದ ಪೆಂಟಾಕ್ಸೈಡನ್ನೂ, ಮೂರನೆಯದು ಪೊಟ್ಯಾಸಿಯಂ ಆಕ್ಸೈಡನ್ನೂ ಸೂಚಿಸುತ್ತವೆ. ಚೀಲದಲ್ಲಿ ಈ ಎರಡು ಆಕ್ಸೈಡುಗಳು ಆ ರೂಪದಲ್ಲಿ ಇರುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ಖನಿಜಗಳನ್ನೂ ಬೂದಿಯನ್ನೂ ವಿಶ್ಲೇಷಿಸಿ ಫಲಿತಾಂಶವನ್ನು ಆಕ್ಸೈಡಿನ ಲೆಕ್ಕದಲ್ಲಿ ಬರೆಯುತ್ತಿದ್ದರು. ಆ ರೂಢಿ ಇಂದಿಗೂ ಉಳಿದಿದೆ.

ಧಾತುವಿನ ತೂಕ ಬೇಕಿದ್ದರೆ ಪರಮಾಣು ತೂಕಗಳು ಸಾಕು. ರಂಜಕದ ಪೆಂಟಾಕ್ಸೈಡಿನ ಅಣುತೂಕ 142. ಅದರಲ್ಲಿ ಎರಡು ರಂಜಕ ಪರಮಾಣುಗಳ ಪಾಲು 62. ಆದ್ದರಿಂದ ಎರಡನೆಯ ಅಂಕಿಯನ್ನು 0.44ರಿಂದ ಗುಣಿಸಬೇಕು. ಪೊಟ್ಯಾಸಿಯಂ ಆಕ್ಸೈಡಿನ 94ರಲ್ಲಿ ಪೊಟ್ಯಾಸಿಯಂ 78. ಮೂರನೆಯ ಅಂಕಿಯನ್ನು 0.83ರಿಂದ ಗುಣಿಸಬೇಕು. ಹೀಗೆ ನೋಡಿದರೆ 17:17:17ರಲ್ಲಿ ನಿಜವಾದ ರಂಜಕ ಶೇಕಡಾ ಏಳೂವರೆಯಷ್ಟು, ಪೊಟ್ಯಾಸಿಯಂ ಶೇಕಡಾ 14ರಷ್ಟು. ಮೂರೂ ಸಮ ಎಂದು ಕಾಣುವ ಚೀಲ ಧಾತುಗಳ ಲೆಕ್ಕದಲ್ಲಿ ಸಮವಲ್ಲ. ಕೃಷಿ ಇಲಾಖೆಯ ಶಿಫಾರಸುಗಳೂ ಆಕ್ಸೈಡಿನ ಲೆಕ್ಕದಲ್ಲೇ ಇರುವುದರಿಂದ ತೋಟದಲ್ಲಿ ತೊಂದರೆಯಾಗದು. ಬೇರೆ ದೇಶದ ಪುಸ್ತಕವನ್ನೋ, ಧಾತುವಿನ ಲೆಕ್ಕದಲ್ಲಿ ಬರೆದ ಪ್ರಯೋಗಾಲಯದ ವರದಿಯನ್ನೋ ಓದುವಾಗ ಮಾತ್ರ ಎಚ್ಚರ ಬೇಕು.

46 ಎಲ್ಲಿಂದ ಬಂತು?

ಯೂರಿಯಾ ಚೀಲದ ಮೇಲೆ ಶೇಕಡಾ 46 ಸಾರಜನಕ ಎಂದಿರುತ್ತದೆ. ಯೂರಿಯಾದ ಅಣುತೂಕ 60, ಅದರಲ್ಲಿ ಎರಡು ಸಾರಜನಕ ಪರಮಾಣುಗಳ ತೂಕ 28. ಶೇಕಡಾವಾರು ಲೆಕ್ಕ ಹಾಕಿದರೆ 46.7. ಎಂದರೆ ಚೀಲದಲ್ಲಿರುವುದು ಹೆಚ್ಚುಕಡಿಮೆ ಶುದ್ಧ ಯೂರಿಯಾ. ಯಾರಾದರೂ 'ಶೇಕಡಾ 50 ಸಾರಜನಕದ ಯೂರಿಯಾ' ಎಂದು ಮಾರಲು ಬಂದರೆ ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಅದು ಸುಳ್ಳೆಂದು ಹೇಳಬಲ್ಲ.

ಕರ್ನಾಟಕದಲ್ಲಿ ಯೂರಿಯಾ ತಯಾರಾಗುವುದು ಪಣಂಬೂರಿನಲ್ಲಿ. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಹೆಸರಿನಲ್ಲಿ 1976ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾಯಿತು. ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಸೇರಿಸಿ ಅಮೋನಿಯಾ ಮಾಡುವುದು, ಅಮೋನಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಕೂಡಿಸಿ ಯೂರಿಯಾ ಮಾಡುವುದು ಅದರ ವಿಧಾನ. ಮೊದಲ ಹೆಜ್ಜೆಯನ್ನು ಕಾರ್ಖಾನೆಯ ಮಟ್ಟಕ್ಕೆ ತಂದವರು ಜರ್ಮನಿಯ ಹೇಬರ್ ಮತ್ತು ಬಾಶ್, 1913ರಲ್ಲಿ.

ಚೀಲ ಹೇಳುವ ಉಳಿದ ಸಂಗತಿಗಳು

ಗೊಬ್ಬರದ ಚೀಲದ ಮೇಲೆ ಏನು ಅಚ್ಚಾಗಬೇಕೆಂಬುದು ವ್ಯಾಪಾರಿಯ ಇಷ್ಟಕ್ಕೆ ಬಿಟ್ಟದ್ದಲ್ಲ. ಅಗತ್ಯ ವಸ್ತುಗಳ ಕಾಯಿದೆಯ ಅಡಿಯಲ್ಲಿ ಬಂದ 1985ರ ರಸಗೊಬ್ಬರ ನಿಯಂತ್ರಣ ಆದೇಶ ಅದನ್ನು ನಿಗದಿಪಡಿಸುತ್ತದೆ. ಗೊಬ್ಬರದ ಹೆಸರು, ತಯಾರಕರ ಅಥವಾ ಆಮದುದಾರರ ವಿವರ, ಪೋಷಕಾಂಶಗಳ ಕನಿಷ್ಠ ಪ್ರಮಾಣ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಇವು ಕಾಣಬೇಕು. ಸಬ್ಸಿಡಿ ಸಿಗುವ ಗೊಬ್ಬರಗಳ ಮೇಲೆ 2022ರ ಅಕ್ಟೋಬರಿನಿಂದ ಭಾರತ್ ಯೂರಿಯಾ, ಭಾರತ್ ಡಿಎಪಿ ಎಂಬಂಥ ಹೆಸರು ದೊಡ್ಡದಾಗಿ ಬಂದಿದೆ. ಕಂಪನಿಯ ಹೆಸರು ಚಿಕ್ಕದಾಗಿದೆ. ಯಾವ ಕಂಪನಿಯದ್ದಾದರೂ ಯೂರಿಯಾ ಯೂರಿಯಾವೇ ಎಂಬ ಸರಳ ಸತ್ಯ ಇದರಿಂದ ಸ್ಪಷ್ಟವಾಗುತ್ತದೆ.

ತೂಕವನ್ನೂ ಓದಬೇಕು. ಯೂರಿಯಾ ಚೀಲ 50 ಕಿಲೋದಿಂದ 45 ಕಿಲೋಗೆ ಇಳಿದದ್ದು 2018ರಲ್ಲಿ. 'ಒಂದು ಚೀಲ' ಎಂಬ ಹಳೆಯ ಅಂದಾಜಿನಲ್ಲೇ ಹಾಕುವವರ ಲೆಕ್ಕ ಅಂದಿನಿಂದ ಬದಲಾಗಿದೆ. ಯೂರಿಯಾಕ್ಕೆ ಇನ್ನೊಂದು ಮಿತಿಯಿದೆ: ಬೈಯುರೆಟ್ ಶೇಕಡಾ ಒಂದೂವರೆ ಮೀರಬಾರದು. ಯೂರಿಯಾ ಅತಿಯಾಗಿ ಕಾದಾಗ ಹುಟ್ಟುವ ಈ ವಸ್ತು ಗಿಡಕ್ಕೆ ವಿಷ. ಪ್ರಯೋಗಾಲಯದಲ್ಲಿ ಪ್ರೋಟೀನ್ ಪತ್ತೆಗೆ ಮಾಡುವ ನೇರಳೆ ಬಣ್ಣದ ಪರೀಕ್ಷೆಗೆ ಹೆಸರು ಕೊಟ್ಟದ್ದೂ ಇದೇ ಬೈಯುರೆಟ್.

ಡಿಎಪಿ ಚೀಲದ ಮೇಲೆ 18:46:0 ಎಂದಿದ್ದರೆ, ಸಣ್ಣ ಅಕ್ಷರಗಳಲ್ಲಿ ನೀರಿನಲ್ಲಿ ಕರಗುವ ರಂಜಕ ಶೇಕಡಾ ಎಷ್ಟು ಎಂದೂ ಇರುತ್ತದೆ. ಒಟ್ಟು ಎಷ್ಟು ಎಂಬುದು ಒಂದು ಪ್ರಶ್ನೆ, ತಕ್ಷಣ ಬೇರಿಗೆ ಸಿಗುವುದೆಷ್ಟು ಎಂಬುದು ಇನ್ನೊಂದು.

ಓದುವ ಅಭ್ಯಾಸಕ್ಕೆ ಇನ್ನೊಂದು ಉದಾಹರಣೆ. 2021ರಲ್ಲಿ ಅರ್ಧ ಲೀಟರಿನ ನ್ಯಾನೋ ಯೂರಿಯಾ ಬಾಟಲಿ ಮಾರುಕಟ್ಟೆಗೆ ಬಂದಾಗ ಅದು ಒಂದು ಚೀಲ ಯೂರಿಯಾಕ್ಕೆ ಸಮ ಎಂಬ ಪ್ರಚಾರ ನಡೆಯಿತು. ಬಾಟಲಿಯ ಮೇಲಿದ್ದ ಪ್ರಮಾಣ ಶೇಕಡಾ 4, ಎಂದರೆ ಸುಮಾರು 20 ಗ್ರಾಂ ಸಾರಜನಕ. ಚೀಲದಲ್ಲಿರುವುದು ಸುಮಾರು 20 ಕಿಲೋ 700 ಗ್ರಾಂ. ಸಾವಿರ ಪಟ್ಟು ಅಂತರ. ಆದ್ದರಿಂದ 'ಸಮ' ಎಂಬುದು ತೂಕದ ಮಾತಲ್ಲ, ಎಲೆಯ ಮೇಲೆ ಸಿಂಪಡಿಸಿದ್ದು ಹೆಚ್ಚು ದಕ್ಷವಾಗಿ ಒಳಸೇರುತ್ತದೆ ಎಂಬ ವಾದ. ಆ ವಾದದ ಬಗ್ಗೆ ಕೃಷಿ ವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಅಂಕಿ ಓದಲು ಬಂದವರು ಪ್ರಚಾರ ಯಾವುದು, ಪ್ರಮಾಣ ಯಾವುದು ಎಂದು ಬೇರ್ಪಡಿಸಿ ನೋಡಬಲ್ಲರು.

ಹೆಕ್ಟೇರಿನಿಂದ ಕುಂಡಕ್ಕೆ

ಶಿಫಾರಸುಗಳು ಹೆಕ್ಟೇರಿನ ಲೆಕ್ಕದಲ್ಲಿರುತ್ತವೆ, ಮನೆಯ ಹಿತ್ತಿಲು ಸೆಂಟ್ಸಿನ ಲೆಕ್ಕದಲ್ಲಿರುತ್ತದೆ. ಮಣಿಪಾಲದ ಫ್ಲ್ಯಾಟಿನವರಿಗೆ ಇರುವುದು ಬಾಲ್ಕನಿಯ ನಾಲ್ಕು ಕುಂಡ. ಆದರೆ ಇಳಿಸುವ ಲೆಕ್ಕ ಸುಲಭ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಹೆಕ್ಟೇರಿಗೆ 100 ಕಿಲೋ ಎಂದರೆ ಚದರ ಮೀಟರಿಗೆ 10 ಗ್ರಾಂ. ಒಂದು ಸೆಂಟ್ಸ್ ಸುಮಾರು ನಲವತ್ತೂವರೆ ಚದರ ಮೀಟರ್. ಆದ್ದರಿಂದ ಸೆಂಟ್ಸಿಗೆ 405 ಗ್ರಾಂ.

ಬೇಕಾದ ಪೋಷಕಾಂಶವನ್ನು 100ರಿಂದ ಗುಣಿಸಿ ಚೀಲದ ಅಂಕಿಯಿಂದ ಭಾಗಿಸಿದರೆ ಗೊಬ್ಬರದ ತೂಕ ಸಿಗುತ್ತದೆ. 405 ಗ್ರಾಂ ಸಾರಜನಕಕ್ಕೆ ಯೂರಿಯಾ 880 ಗ್ರಾಂ. ಇಡೀ ಬೆಳೆಗೆ ಇಷ್ಟು, ಅದೂ ಎರಡು ಮೂರು ಕಂತುಗಳಲ್ಲಿ.

10 ಚದರ ಮೀಟರಿನ ತರಕಾರಿ ಪಾತಿಗೆ ಸಾರಜನಕ 100 ಗ್ರಾಂ, ರಂಜಕ 50, ಪೊಟ್ಯಾಶ್ 50 ಬೇಕು ಎಂದಿಟ್ಟುಕೊಳ್ಳೋಣ. 17:17:17 ಗೊಬ್ಬರ 294 ಗ್ರಾಂ ಹಾಕಿದರೆ ಮೂರೂ ತಲಾ 50 ಗ್ರಾಂ ಸಿಕ್ಕಿತು. ಉಳಿದ 50 ಗ್ರಾಂ ಸಾರಜನಕಕ್ಕೆ ಯೂರಿಯಾ 109 ಗ್ರಾಂ. ಕಡಿಮೆ ಬೇಕಾದುದನ್ನು ಮೊದಲು ತುಂಬಿಸಿ, ಹೆಚ್ಚು ಬೇಕಾದುದನ್ನು ಆಮೇಲೆ ಸೇರಿಸುವುದೇ ಇಲ್ಲಿನ ಕ್ರಮ. ಹಿಂದುಮುಂದಾದರೆ ರಂಜಕ ಅನವಶ್ಯಕವಾಗಿ ಹೆಚ್ಚುತ್ತದೆ.

ಇನ್ನು ಕುಂಡ. ಒಂದಡಿ ಅಗಲದ ಕುಂಡದ ಬಾಯಿ 0.07 ಚದರ ಮೀಟರ್. ಅದೇ ಶಿಫಾರಸಿನ ಪ್ರಕಾರ ಅದಕ್ಕೆ ಬೇಕಾದ ಸಾರಜನಕ 0.7 ಗ್ರಾಂ, ಎಂದರೆ ಒಂದೂವರೆ ಗ್ರಾಂ ಯೂರಿಯಾ. ದಿನವೂ ನೀರು ಹಾಕುವಾಗ ಸ್ವಲ್ಪ ಬಸಿದುಹೋಗುತ್ತದೆ ಎಂದು ದುಪ್ಪಟ್ಟು ಮಾಡಿದರೂ ಮೂರು ಗ್ರಾಂ. ಚಹಾದ ಚಮಚ ಕೂಡ ತುಂಬುವುದಿಲ್ಲ. ಮುಷ್ಟಿಯಲ್ಲಿ 40 ಗ್ರಾಂ 17:17:17 ಹಿಡಿದು ಹಾಕಿದರೆ ಬೀಳುವ ಸಾರಜನಕ ಏಳು ಗ್ರಾಂನಷ್ಟು, ಅಗತ್ಯದ ಸುಮಾರು ಹತ್ತು ಪಟ್ಟು. ಎಲೆ ಸುಡದೆ ಇನ್ನೇನಾದೀತು?

ತೆಂಗು, ಅಡಿಕೆಯ ಲೆಕ್ಕ

1916ರಲ್ಲಿ ತೆಂಗಿನ ಸಂಶೋಧನೆಗಾಗಿ ಕಾಸರಗೋಡಿನಲ್ಲಿ ಆರಂಭವಾದ ಕೇಂದ್ರವೇ ಇಂದಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ. ಅದರ ಶಿಫಾರಸಿನಂತೆ ಫಲ ಕೊಡುವ ಒಂದು ತೆಂಗಿಗೆ ವರ್ಷಕ್ಕೆ ಸಾರಜನಕ 500 ಗ್ರಾಂ, ರಂಜಕ 320 ಗ್ರಾಂ, ಪೊಟ್ಯಾಶ್ 1200 ಗ್ರಾಂ. ಅಡಿಕೆಗೆ ಕ್ರಮವಾಗಿ 100, 40 ಮತ್ತು 140 ಗ್ರಾಂ.

ಮೊದಲ ನೋಟಕ್ಕೇ ಕಾಣುವುದು ಪೊಟ್ಯಾಶಿನ ಹಿರಿತನ. ಲೆಕ್ಕಕ್ಕೆ ಇಳಿಸಿದರೆ ತೆಂಗಿಗೆ ಯೂರಿಯಾ ಸುಮಾರು 1 ಕಿಲೋ 100 ಗ್ರಾಂ, ಶೇಕಡಾ 20 ರಂಜಕವಿರುವ ಶಿಲಾರಂಜಕ 1 ಕಿಲೋ 600 ಗ್ರಾಂ, ಶೇಕಡಾ 60ರ ಮ್ಯೂರಿಯೇಟ್ ಆಫ್ ಪೊಟ್ಯಾಶ್ 2 ಕಿಲೋ. ಅಡಿಕೆಗೆ ಇವು 217, 200 ಮತ್ತು 233 ಗ್ರಾಂ. ಮೂರೂ ಸಮನಾಗಿರುವ 17:17:17ನ್ನೇ ತೆಂಗಿಗೆ ಹಾಕಿ ಪೊಟ್ಯಾಶ್ ಪೂರೈಸಲು ಹೊರಟರೆ ಏಳು ಕಿಲೋ ಬೇಕು. ಆಗ ಸಾರಜನಕ ಎರಡು ಪಟ್ಟಿಗಿಂತಲೂ ಹೆಚ್ಚು, ರಂಜಕ ಸುಮಾರು ನಾಲ್ಕು ಪಟ್ಟು ಆಗಿಬಿಡುತ್ತದೆ. ದುಡ್ಡೂ ಹಾಳು, ಗೊಬ್ಬರವೂ ಹಾಳು.

ಹಟ್ಟಿಗೊಬ್ಬರಕ್ಕೂ ಅಂಕಿ ಉಂಟು

ಸಾವಯವ ಗೊಬ್ಬರಕ್ಕೆ ಲೆಕ್ಕ ಬೇಡ ಎಂಬ ನಂಬಿಕೆ ವ್ಯಾಪಕವಾಗಿದೆ. ಅದರಲ್ಲಿಯೂ ಇದೇ ಮೂರು ಪೋಷಕಾಂಶಗಳಿವೆ, ಪ್ರಮಾಣ ಕಡಿಮೆ ಅಷ್ಟೆ. ಹಟ್ಟಿಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡಾ ಅರ್ಧ, ಎರೆಗೊಬ್ಬರದಲ್ಲಿ ಒಂದರ ಆಸುಪಾಸು, ಬೇವಿನ ಹಿಂಡಿಯಲ್ಲಿ ಐದು, ಮಲ್ಲಿಗೆ ಬೆಳೆಗಾರರ ಮೆಚ್ಚಿನ ನೆಲಗಡಲೆ ಹಿಂಡಿಯಲ್ಲಿ ಏಳು. 10 ಗ್ರಾಂ ಸಾರಜನಕ ಬೇಕೆಂದರೆ ಯೂರಿಯಾ 22 ಗ್ರಾಂ, ನೆಲಗಡಲೆ ಹಿಂಡಿ 140 ಗ್ರಾಂ, ಬೇವಿನ ಹಿಂಡಿ 200 ಗ್ರಾಂ, ಎರೆಗೊಬ್ಬರ ಒಂದು ಕಿಲೋ, ಹಟ್ಟಿಗೊಬ್ಬರ ಎರಡು ಕಿಲೋ.

ಸಾವಯವದ ಹಿರಿಮೆ ಈ ಅಂಕಿಯಲ್ಲಿಲ್ಲ. ಅದು ಮಣ್ಣನ್ನು ಸಡಿಲಗೊಳಿಸುತ್ತದೆ, ತೇವ ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಸಾರವನ್ನು ನಿಧಾನವಾಗಿ ಬಿಡುತ್ತದೆ. ಎರಡನ್ನೂ ಬಳಸುವವರು ಹಟ್ಟಿಗೊಬ್ಬರದಿಂದ ಬಂದಷ್ಟನ್ನು ಲೆಕ್ಕದಿಂದ ಕಳೆದು ಉಳಿದುದಕ್ಕೆ ಮಾತ್ರ ರಸಗೊಬ್ಬರ ತರುವುದು ಜಾಣತನ. ಅಂಗಡಿಯ ಬಣ್ಣದ ಪೊಟ್ಟಣದ ಮೇಲೆ 'ಹೂಗಿಡಗಳಿಗೆ ಅಮೃತ' ಎಂದು ಬರೆದು ಅಂಕಿಗಳನ್ನೇ ಕೊಡದಿದ್ದರೆ ಅದನ್ನು ಅಲ್ಲಿಯೇ ಇಟ್ಟು ಬರುವುದು ಇನ್ನೂ ಜಾಣತನ.

ಕರಾವಳಿಯ ಮಣ್ಣು, ಕರಾವಳಿಯ ಮಳೆ

ಅಲೆವೂರಿನ ಗುಡ್ಡ ಅಗೆದರೆ ಸಿಗುವುದು ಮುರಕಲ್ಲು. ಈ ಬಗೆಯ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಬಳಸಿದ. ಸಾವಿರಾರು ವರ್ಷಗಳ ಮಳೆಗೆ ಸುಣ್ಣ, ಪೊಟ್ಯಾಶ್ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದ ಮಣ್ಣು ಇದು. ಸ್ವಭಾವದಲ್ಲಿ ಹುಳಿ. ಹಾಕಿದ ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಮ್ಮೂ ಹಿಡಿದಿಟ್ಟುಕೊಳ್ಳುತ್ತವೆ. ಈ ಹುಳಿ ಮಣ್ಣಿನಲ್ಲಿ ಶಿಲಾರಂಜಕ ನಿಧಾನವಾಗಿ ಕರಗಿ ಉಪಯೋಗಕ್ಕೆ ಬರುವುದರಿಂದಲೇ ತೋಟಗಳಿಗೆ ಅದು ಒಗ್ಗುತ್ತದೆ. ಹಿರಿಯರು ಚಿಪ್ಪಿನ ಸುಣ್ಣ, ಸುಡುಮಣ್ಣು, ಒಲೆಯ ಬೂದಿ ಹಾಕುತ್ತಿದ್ದುದರ ಹಿಂದೆಯೂ ಹುಳಿ ತಗ್ಗಿಸುವ ಇದೇ ತಿಳಿವಳಿಕೆ ಇತ್ತು. ಬೂದಿಯಲ್ಲಿ ಪೊಟ್ಯಾಶ್ ಕೂಡ ಉಂಟು. ಆದರೆ ಸುಣ್ಣ, ಬೂದಿಗಳನ್ನು ಯೂರಿಯಾ ಅಥವಾ ಡಿಎಪಿಯ ಜೊತೆ ಬೆರೆಸಬಾರದು. ಕ್ಷಾರ ತಾಗಿದೊಡನೆ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಎರಡರ ನಡುವೆ ಎರಡು ಮೂರು ವಾರಗಳ ಅಂತರವಿರಲಿ.

ಆಟಿಯ ಜಡಿಮಳೆಯಲ್ಲಿ ಯೂರಿಯಾ ಹಾಕುವುದು ಹೊಳೆಗೆ ಹುಣಸೆಹಣ್ಣು ಕಿವುಚಿದಂತೆ. ತೆಂಗಿಗೆ ಮೂರರಲ್ಲೊಂದು ಭಾಗವನ್ನು ಮಳೆಗಾಲದ ಆರಂಭದಲ್ಲಿ, ಉಳಿದದ್ದನ್ನು ಮಳೆ ತಗ್ಗಿದ ಮೇಲೆ ಆಗಸ್ಟ್–ಸೆಪ್ಟೆಂಬರಿನಲ್ಲಿ ಕೊಡಬೇಕೆನ್ನುವುದು ಇದಕ್ಕಾಗಿ.

ಅಂಗಳದ ಬಾವಿ

ತೊಳೆದುಹೋದ ಸಾರಜನಕ ಎಲ್ಲಿಗೆ ಹೋಗುತ್ತದೆ? ಇದು ಗಿಡಕ್ಕಿಂತ ದೊಡ್ಡ ಪ್ರಶ್ನೆ. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯಾವನ್ನಾಗಲಿ ಹಿಂಡಿಯನ್ನಾಗಲಿ ಕೊನೆಗೆ ನೈಟ್ರೇಟ್ ಆಗಿಸುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳದೆ ನೀರಿನೊಂದಿಗೆ ಇಳಿಯುತ್ತದೆ. ಕರಾವಳಿಯಲ್ಲಿ ಮಲ್ಲಿಗೆ ಗಿಡವೂ ಕುಡಿಯುವ ನೀರಿನ ಬಾವಿಯೂ ಇರುವುದು ಒಂದೇ ಅಂಗಳದಲ್ಲಿ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಒಂದು ಕಿಲೋ ಯೂರಿಯಾದ 460 ಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ಆದರೆ ಎರಡು ಕಿಲೋ. 45,000 ಲೀಟರ್ ಶುದ್ಧ ನೀರನ್ನು ಮಿತಿಯ ಗೆರೆಗೆ ತಂದು ನಿಲ್ಲಿಸಲು ಅಷ್ಟು ಸಾಕು. ಎಂಟಡಿ ಅಗಲದ ಬಾವಿಯಲ್ಲಿ ಹದಿನೈದಡಿ ನೀರಿದ್ದರೆ ಅದು ಸುಮಾರು 21,000 ಲೀಟರ್. ಹಾಕಿದ್ದೆಲ್ಲ ಬಾವಿಗೆ ಇಳಿಯುವುದಿಲ್ಲ, ನಿಜ. ಗಿಡ ಹೀರುತ್ತದೆ, ಸ್ವಲ್ಪ ಗಾಳಿಗೆ ಹೋಗುತ್ತದೆ, ಮಳೆನೀರು ಉಳಿದುದನ್ನು ತೆಳುವಾಗಿಸುತ್ತದೆ. ಆದರೆ ಅಗತ್ಯದ ಹತ್ತು ಪಟ್ಟು ಸುರಿದಾಗ ಗಿಡ ಹೀರುವುದು ಒಂದೇ ಪಟ್ಟು.

ಇದರಿಂದ ಅಪಾಯವಾಗುವುದು ಹಾಲುಗಲ್ಲದ ಕೂಸುಗಳಿಗೆ. ನೈಟ್ರೇಟಿನಿಂದ ಹುಟ್ಟುವ ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ ಆಮ್ಲಜನಕ ಸಾಗದಂತೆ ಮಾಡುತ್ತದೆ, ಮಗು ನೀಲಿಗಟ್ಟುತ್ತದೆ. ಬಾವಿನೀರಿನ ನೈಟ್ರೇಟಿಗೂ ಈ ಕಾಯಿಲೆಗೂ ಇರುವ ಸಂಬಂಧವನ್ನು 1945ರಲ್ಲಿ ವರದಿ ಮಾಡಿದವನು ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಗೊಬ್ಬರದ ಗುಂಡಿಯನ್ನೂ ಚೀಲವನ್ನೂ ಬಾವಿಕಟ್ಟೆಯಿಂದ ದೂರವಿಡಬೇಕು. ಚಿಕ್ಕ ಮಗುವಿರುವ ಮನೆಯವರು ಬಾವಿನೀರನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಯೂರಿಯಾ ಕರಗಿಸಿದ ಬಕೆಟನ್ನು ಹಟ್ಟಿಯ ಬಳಿ ಬಿಡಲೇಬಾರದು. ಹಸು ಅದನ್ನು ಕುಡಿದರೆ ಹೊಟ್ಟೆಯಲ್ಲಿ ಅಮೋನಿಯಾ ಎದ್ದು ಪ್ರಾಣಕ್ಕೇ ಕುತ್ತು.

ಉತ್ತರದ ಇನ್ನರ್ಧ

ಚೀಲ ಹೇಳುವುದು ಗೊಬ್ಬರದಲ್ಲಿ ಏನಿದೆ ಎಂಬುದನ್ನು. ಮಣ್ಣಿನಲ್ಲಿ ಈಗಾಗಲೇ ಏನಿದೆ ಎಂಬುದನ್ನು ಮಣ್ಣೇ ಹೇಳಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹುಳಿಯ ಮಟ್ಟ, ಸಾವಯವ ಇಂಗಾಲ, ಮೂರು ಮುಖ್ಯ ಪೋಷಕಾಂಶಗಳು, ಗಂಧಕ, ಸತು, ಬೋರಾನ್ ಸೇರಿ ಹನ್ನೆರಡು ಅಂಶಗಳಿರುತ್ತವೆ. ಉಡುಪಿ ಜಿಲ್ಲೆಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ. ಹಿತ್ತಿಲಿನ ಐದಾರು ಕಡೆಯಿಂದ ಗೇಣುದ್ದ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಒಯ್ದರೆ ಸಾಕು.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರಿಗೇ ಒಪ್ಪಿಸಬಹುದು. ಒಂದು ನೋಟ್‌ಬುಕ್, ಅಡುಗೆಮನೆಯದ್ದಲ್ಲದ ಬೇರೊಂದು ಚಮಚ, ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿದ ಆ ಚಮಚದ ಅಳತೆ. ಯಾವ ಗಿಡಕ್ಕೆ, ಯಾವ ದಿನ, ಎಷ್ಟು ಗ್ರಾಂ ಎಂದು ಬರೆಯುತ್ತ ಹೋದರೆ ವರ್ಷ ತಿರುಗುವಷ್ಟರಲ್ಲಿ ಆ ಹಿತ್ತಿಲಿಗೆ ಬೇಕಾದ ಅಳತೆ ತಾನಾಗಿ ತಿಳಿಯುತ್ತದೆ. ಶೇಕಡಾವಾರು, ಅಣುತೂಕ, ವಿಸ್ತೀರ್ಣ ಇವು ಪರೀಕ್ಷೆಗೆ ಮಾತ್ರ ಕಲಿಯುವ ವಿಷಯಗಳಲ್ಲ ಎಂಬುದೂ ಅದರೊಂದಿಗೆ ತಿಳಿಯುತ್ತದೆ.